ಗೋದಾವರಿಯ ಹಿತ್ತಲ ಬಾಗಿಲು

ನಾವು ಗಂಡ ಹೆಂಡತಿ ಹೋಗಿ ನೆಲೆಸಿದ ಊರಿನಲ್ಲಿ, ಹೋದ ದಾರಿಯಿಂದಲೇ ತಿರುಗಿ ಬರಲು ಆಗುವುದಿಲ್ಲ. ಬರಬಾರದೆಂದು ಯಾರೂ ಕಟ್ಟಳೆ ಮಾಡಿಲ್ಲ, ಆಗುವುದಿಲ್ಲ, ಅಷ್ಟೆ. ಊರು ಸೇರಿದ ಮರುದಿನ ಮುಂಜಾನೆ ನಾನು ಹತ್ತು ಮನೆ ಆಚೆಗಿದ್ದ ಅಂಗಡಿಗೆ ಹಾಲು ತರಲು ಹೋದೆ. ಹೋಗಲು ಹಿಡಿದದ್ದು ಎರಡು ನಿಮಿಷ. ಹಾಲು ತೆಗೆದುಕೊಂಡು ಹಿಂದಕ್ಕೆ ಹೊರಟವನು ಅರ್ಧ ಗಂಟೆ ನಡೆದರೂ ಮನೆ ಬರಲಿಲ್ಲ. ಅದೇ ಬೀದಿ, ಅದೇ ಕಲ್ಲುಹಾಸು, ಎಡಗಡೆಗೆ ನೀಲಿ ಕಿಟಕಿಗಳ ಒಂದು ಮನೆ. ಅದನ್ನು ದಾಟಿದರೆ ಮತ್ತೆ ನೀಲಿ ಕಿಟಕಿಗಳ ಅದೇ ಮನೆ. ದಣಿದು ತಿರುಗಿ ನೋಡಿದರೆ ಹಾಲಿನ ಅಂಗಡಿ ನನ್ನ ಬೆನ್ನ ಹಿಂದೆ ನಾಲ್ಕು ಹೆಜ್ಜೆಯಲ್ಲಿತ್ತು. ಅಂಗಡಿಯವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೊಸಬರು ಹೀಗೆಯೇ ಮಾಡುತ್ತಾರೆಂದು ಅವಳಿಗೆ ಗೊತ್ತಿತ್ತೋ ಏನೋ, ಬಂದು ನನ್ನ ಮೊಣಕೈ ಹಿಡಿದು ಮುಖವನ್ನು ಆಚೆ ತಿರುಗಿಸಿ, ಹೀಗೆ ಹೋಗು ಎಂದು ಕೈ ಮಾಡಿದಳು. ಬೀದಿ ಇಳಿದು, ಗುಡ್ಡ ಸುತ್ತಿ, ಹಿಂದಿನ ಓಣಿ ಹಿಡಿದು ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಬಂದು ಮುಟ್ಟುವಾಗ ಬಿಸಿಲೇರಿತ್ತು, ಹಾಲು ಒಡೆದಿತ್ತು.

ಗೋದಾವರಿ ನನ್ನನ್ನೂ ಪಾತ್ರೆಯನ್ನೂ ನೋಡಿದಳು. “ಹಾಲ ತರ್ಲಿಕ್ಕೆ ಕಾಶಿಗೆ ಹೋಗಿದ್ರೇನು?” ಎಂದಳು.

ಈಗ ಅವಳಿಲ್ಲ. ಬರುವ ಬಿದಿಗೆಗೆ ವರ್ಷಾಂತ. ಶ್ರೀಹರಿಯ ಚಿತ್ತ ಹಾಗಿತ್ತು, ನಾನು ದೂರುವುದಿಲ್ಲ. ಅವಳ ಆ ಬಾಗಿಲಿನ ಸಂಗತಿಯನ್ನು ಮಾತ್ರ, ನೆನಪು ನೆಟ್ಟಗಿರುವಾಗಲೇ ಬರೆದಿಡಬೇಕೆಂದು ಕುಳಿತಿದ್ದೇನೆ.

ನಾನು ಪುಸ್ತಕ ಕಟ್ಟುವ ಕೆಲಸದವನು. ಅಚ್ಚುಕೂಟವೊಂದರಲ್ಲಿ ಮೂವತ್ತಾರು ವರ್ಷ ರಟ್ಟು ಕೊಯ್ದು, ಹಾಳೆ ಮಡಿಚಿ, ಹೊಲಿದು, ಅಂಟು ಹಚ್ಚಿ ನಿವೃತ್ತನಾದೆ. ನಮಗೆ ಮಕ್ಕಳಾಗಲಿಲ್ಲ. ನಿವೃತ್ತನಾದ ವರ್ಷವೇ ಸಮುದ್ರದಾಚೆಯ ಆ ಊರಿನಿಂದ ಒಂದು ಕಾಗದ ಬಂತು. ಅವರ ಗ್ರಂಥಭಂಡಾರಕ್ಕೆ ನೀರು ನುಗ್ಗಿ ಹಳೆಯ ಪುಸ್ತಕಗಳೆಲ್ಲ ಬಿಚ್ಚಿಹೋಗಿದ್ದವು. ಕೈಹೊಲಿಗೆ ಬಲ್ಲವರು ಬೇಕಾಗಿದ್ದರು. ಎರಡು ವರ್ಷದ ಮಾತು. ಕಾಗದ ಬಂದ ನಾಲ್ಕನೆಯ ದಿನ ಗೋದಾವರಿ ತುಳಸಿಗೆ ನೀರು ಹಾಕಿ ಒಳಗೆ ಬಂದು ತನ್ನ ಕರಾರು ಹೇಳಿದಳು.

“ನನ್ನ ಅಡಗಿಮನಿ ನನಗ ಬಿಟ್ಟುಬಿಡ್ರಿ. ಉಳದದ್ದೆಲ್ಲಾ ಆ ಊರವರು ಹೆಂಗ ಹೇಳ್ತಾರ ಹಂಗ ಇರ್ತೀನಿ.”

ನಾನು ಮಾತು ಕೊಟ್ಟೆ. ದೇವರ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಅವಳು ಅಷ್ಟು ದೂರ ಬಂದಳು.

ನಮಗೆ ಕೊಟ್ಟ ಮನೆ ಉದ್ದನೆಯದು, ಮುಂದೊಂದು ಕೋಣೆ, ನಡುವೆ ಮಲಗುವ ಜಾಗ, ಕೊನೆಯಲ್ಲಿ ದೊಡ್ಡ ಅಡಿಗೆಮನೆ. ಮುಂದಿನ ಬಾಗಿಲು ಬೀದಿಗೆ, ಅಡಿಗೆಮನೆಯ ಬಾಗಿಲು ಹಿಂದಿನ ಓಣಿಗೆ. ಆ ಸಾಲಿನಲ್ಲಿ ಆರು ಮನೆಗಳಿದ್ದರೂ ಉಳಿದ ಐದರ ಬೆನ್ನಿಗೆ ಬಂಡೆ. ಎರಡು ಕಡೆಗೂ ಬಾಗಿಲಿದ್ದುದು ನಮ್ಮದೊಂದಕ್ಕೇ. ಮನೆ ತೋರಿಸಲು ಬಂದಿದ್ದ ಭಂಡಾರದ ಹೆಂಗಸು ಎರಡು ಬೆರಳು ಎತ್ತಿ, ಎರಡು ಬಾಗಿಲು, ಎರಡು ಬಾಗಿಲು ಎಂದು ಹೆಮ್ಮೆಯಿಂದ ಹೇಳಿದಳು. ಗಾಳಿ ಚೆನ್ನಾಗಿ ಆಡುತ್ತದೆ ಎನ್ನುತ್ತಿದ್ದಾಳೆಂದು ನಾವು ತಿಳಿದೆವು. ಎರಡು ಬಾಗಿಲಿಗೂ ಚಿಲಕವಿರಲಿಲ್ಲ. ನಲ್ಲಿ ಇದ್ದುದು ಅಡಿಗೆಮನೆಯಲ್ಲಿ ಮಾತ್ರ, ಆದುದರಿಂದ ಪೂರ್ವದ ಗೋಡೆಗೆ ದೇವರ ಮಂಟಪ ಅಲ್ಲಿಯೇ ಇಟ್ಟೆವು. ಮಡಿಯಲ್ಲಿ ಅಡಿಗೆ, ಪೂಜೆ, ನೈವೇದ್ಯ ಎಲ್ಲ ಆ ಒಂದು ಕೋಣೆಯಲ್ಲಿ. ಮೊದಲ ವಾರವೇ ನಾನು ಕಬ್ಬಿಣದ ಒಂದು ಚಿಲಕ ತಂದು, ನನ್ನ ಕೈಯಾರೆ ಹಿತ್ತಲ ಬಾಗಿಲಿಗೆ ಮೊಳೆ ಹೊಡೆದು ಕೂಡಿಸಿದೆ. ಗೋದಾವರಿ ಅದನ್ನು ಎಳೆದು ಸರಿಸಿ ನೋಡಿ ಸಮಾಧಾನಪಟ್ಟಳು. ನಾವು ಸುತ್ತಿ ಬರುವ ಹೊತ್ತಿಗೆ ಮನೆಯಲ್ಲಿದ್ದವರು ಒಳಗಿನಿಂದ ತೆಗೆಯುವುದು, ಉಳಿದ ಹೊತ್ತು ಮುಚ್ಚಿರುವುದು ಎಂದಾಯಿತು.

ಊರಿನ ರೀತಿಗೆ ನಾನು ಬೇಗ ಹೊಂದಿಕೊಂಡೆ. ಹೊತ್ತು ಹುಟ್ಟಿದರೆ ದಾರಿಗಳೆಲ್ಲ ಹೊಸತಾಗುತ್ತಿದ್ದವು. ಆ ದಿನದ ಮಟ್ಟಿಗೆ ಮಾತ್ರ ಹೋದದ್ದರಲ್ಲಿ ಹಿಂದಿರುಗುವಂತಿರಲಿಲ್ಲ. ಪುಸ್ತಕ ಹೊಲಿಯುವವನಿಗೆ ಇದು ತೀರ ಹೊಸದೇನಲ್ಲ. ಸೂಜಿಯನ್ನು ಒಂದು ತೂತಿನಲ್ಲಿ ಇಳಿಸಿದರೆ ಇನ್ನೊಂದರಲ್ಲಿ ಎತ್ತಬೇಕು. ಇಳಿದ ತೂತಿನಲ್ಲೇ ಎತ್ತಿದರೆ ದಾರ ಕೈಗೆ ಬಂದುಬಿಡುತ್ತದೆ, ಹಾಳೆ ನಿಲ್ಲುವುದಿಲ್ಲ. ಗೋದಾವರಿಗೆ ಹೀಗೆ ಹೇಳಿದರೆ ಅವಳು, ನಾವೇನು ಹಾಳೆಯೇ ಎಂದಳು. ಆದರೂ ಮೂರು ನಾಲ್ಕು ವಾರಗಳಲ್ಲಿ ಅವಳಿಗೇ ನನಗಿಂತ ಹೆಚ್ಚು ಓಣಿಗಳು ಗೊತ್ತಾದವು. ತರಕಾರಿಗೆ ಹೋದರೆ ಒಂದೂವರೆ ಗಂಟೆ. ಬೇಡವೆಂದರೂ ಊರೆಲ್ಲ ನೋಡಿದಂತೆ. ಸಂಜೆ ಇಬ್ಬರೂ ಕೂಡಿ ಮೆಟ್ಟಿಲೋಣಿ ಇಳಿದು ನದಿಗೆ ಹೋಗುತ್ತಿದ್ದೆವು, ಸೇತುವೆ ದಾಟಿ ಗುಡ್ಡದ ಬುಡದಿಂದ ಸುತ್ತಿ ಮುಂದಿನ ಬಾಗಿಲಿಗೆ ಬರುತ್ತಿದ್ದೆವು. ಓಣಿಗಳ ಹೆಸರು ನಾಲಿಗೆಗೆ ಹೊರಳುತ್ತಿರಲಿಲ್ಲವಾಗಿ ಅವಳೇ ಹೆಸರಿಟ್ಟಳು. ಒಂದು ಹಿಂಗಿನ ಓಣಿ. ಅಲ್ಲಿ ಏನು ಸುಡುತ್ತಿದ್ದರೋ, ಹಿಂಗಿನ ವಾಸನೆ. ಒಂದು ಗಂಟಲೋಣಿ, ಅಲ್ಲಿ ಮಾತಾಡಿದರೆ ಮಾತು ದೊಡ್ಡದಾಗಿ ಕೇಳುತ್ತಿತ್ತು. ಇನ್ನೊಂದು ಓಣಿಯಲ್ಲಿ ಮುದುಕಿಯೊಬ್ಬಳು ಮಹಡಿಯ ಮೇಲೆ ಕುಳಿತು ಹೋಗಿಬರುವವರನ್ನೆಲ್ಲ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು. ಅದು ನಿಮ್ಮವ್ವನ ಓಣಿ ಎಂದಳು. ನನ್ನ ತಾಯಿ ತೀರಿ ಇಪ್ಪತ್ತು ವರ್ಷವಾಗಿತ್ತು. ನನಗೂ ನಗು ಬಂತು.

ಒಂದು ಸಂಗತಿ ಮಾತ್ರ ನಮಗೆ ತಿಳಿಯಲಿಲ್ಲ. ಆ ಊರಿನ ಜನ ಬೇಕಾದವರ ಮನೆಯೊಳಗೆ ನುಗ್ಗಿ ಹೋಗುತ್ತಿದ್ದರು. ತಲೆಯ ಮೇಲೆ ಬುಟ್ಟಿ ಹೊತ್ತವಳು, ಕೋಲೂರಿದವನು, ಶಾಲೆಯ ಮಕ್ಕಳ ಸಾಲು, ಯಾರು ಯಾರ ಮನೆಗಾದರೂ ಹೊಕ್ಕು ಕಾಣದಾಗುತ್ತಿದ್ದರು. ಒಳಗಿದ್ದವರು ಕತ್ತೆತ್ತಿ ನೋಡುತ್ತಲೂ ಇರಲಿಲ್ಲ. ಇಡೀ ಊರೇ ಒಂದು ಬಳಗವಿರಬೇಕು, ಎಲ್ಲರೂ ಎಲ್ಲರಿಗೂ ನೆಂಟರು ಎಂದುಕೊಂಡೆವು. ಎಂಥ ಪುಣ್ಯವಂತರು ಎಂದು ಗೋದಾವರಿ ಹೇಳಿದ್ದೂ ಉಂಟು.

ನಾವು ಬಂದು ಎಂಟು ಹತ್ತು ದಿನಗಳಾಗಿರಬೇಕು. ನಡುಮುಂಜಾನೆ, ನೈವೇದ್ಯದ ಹೊತ್ತು. ಮುಂದಿನ ಬಾಗಿಲಲ್ಲಿ ಒಬ್ಬ ಮುದುಕ ಬಂದು ನಿಂತ. ಎತ್ತರದ ಆಳು, ಬಾಗಿದ ಬೆನ್ನು, ದಪ್ಪ ಬೆರಳುಗಳು. ಕಾಲ್ಮರಿ ಕಳಚಿ ಕೈಯಲ್ಲಿ ಹಿಡಿದಿದ್ದ, ಇನ್ನೊಂದು ಕೈಯಲ್ಲಿ ಹಿಡಿಕೆಯ ಒಂದು ಖಾಲಿ ಪಾತ್ರೆ. ಹೊಸ್ತಿಲಿನ ಹೊರಗೆ ತಲೆ ತಗ್ಗಿಸಿ ಸುಮ್ಮನೆ ನಿಂತಿದ್ದ, ಕೇಳಲಿಲ್ಲ, ಕರೆಯಲಿಲ್ಲ. ಗೋದಾವರಿ ನೋಡಿದಳು, ಒಳಗೆ ಹೋದಳು. ನೈವೇದ್ಯ ಮುಗಿಯುವುದನ್ನೇ ಕಾದು, ಬಿಸಿ ಅನ್ನವನ್ನೂ ಸಾರನ್ನೂ ತಂದು ಅವನ ಪಾತ್ರೆ ತುಂಬಿದಳು. ಮುದುಕ ಪಾತ್ರೆ ನೋಡಿದ, ಅವಳನ್ನು ನೋಡಿದ, ಅವಳ ಹಿಂದೆ ಕೊನೆಯಲ್ಲಿ ಮುಚ್ಚಿದ್ದ ಹಿತ್ತಲ ಬಾಗಿಲನ್ನೂ ಒಮ್ಮೆ ನೋಡಿದ. ಬಗ್ಗಿ ವಂದಿಸಿ, ಕಾಲ್ಮರಿ ಮೆಟ್ಟಿಕೊಂಡು, ಬೀದಿ ಇಳಿದು ಗುಡ್ಡದ ಕಡೆ ಹೋದ.

ಮರುದಿನ ಅದೇ ಹೊತ್ತಿಗೆ ಬಂದ. ಅದರ ಮರುದಿನವೂ ಬಂದ. ಗೋದಾವರಿಯ ಮುಖದಲ್ಲಿ ಗೆಲವು ಮೂಡಿತು. ಪರದೇಶಕ್ಕೆ ಬಂದೆವು, ಅತಿಥಿ ಅಭ್ಯಾಗತರಿಲ್ಲದೆ ಊಟ ಮಾಡುವ ಗತಿ ಬಂತು ಎಂದು ಕೊರಗುತ್ತಿದ್ದವಳು ಅವಳು. ದೇವರು ಇಲ್ಲಿಯೂ ಒಬ್ಬನನ್ನು ಕಳಿಸಿದ ನೋಡಿ ಎಂದು ನನಗೆ ಹೇಳಿದಳು. ಬೆಳಿಗ್ಗೆ ಒಂದು ಹಿಡಿ ಅಕ್ಕಿ ಹೆಚ್ಚು ಹಾಕುವುದು ರೂಢಿಯಾಯಿತು. ಮಡಿಯಲ್ಲಿ ಇರುವವಳಾದುದರಿಂದ ಪಾತ್ರೆಗೆ ಸೋಂಕದಂತೆ ಮೇಲಿನಿಂದ ಬಡಿಸುತ್ತಿದ್ದಳು. ಅವನು ಕೈ ಅಲುಗದಂತೆ ಪಾತ್ರೆ ಹಿಡಿಯುತ್ತಿದ್ದ. ಹೀಗೆ ನಲವತ್ತು ದಿನ ನಡೆಯಿತು. ಅವನು ನಲವತ್ತು ದಿನ ತಲೆ ತಗ್ಗಿಸಿ ಅನ್ನ ತೆಗೆದುಕೊಂಡ, ನಲವತ್ತು ದಿನ ಗುಡ್ಡದ ಕಡೆ ನಡೆದುಹೋದ.

ನಲವತ್ತೊಂದನೆಯ ದಿನ ಬರಲಿಲ್ಲ. ಮರುದಿನವೂ ಇಲ್ಲ. ಎದುರು ಮನೆಯಲ್ಲಿ ತೆಮೀನ ಎಂಬ ವಿಧವೆ ಇದ್ದಳು. ರೊಟ್ಟಿ ಸುಡುವ ಭಟ್ಟಿಯಲ್ಲಿ ಕೆಲಸ, ಗಟ್ಟಿ ದನಿ, ಗಟ್ಟಿ ತೋಳು. ಮಾತು ಬಾರದ ಗೋದಾವರಿಗೆ ಸೊಪ್ಪು ಹಣ್ಣು ತೋರಿಸಿ ತೋರಿಸಿ ಹೆಸರು ಕಲಿಸಿದವಳು ಅವಳೇ. ಗೋದಾವರಿ ಅವಳನ್ನು ಕರೆದು, ಬಂದಷ್ಟು ಮಾತಿನಲ್ಲಿ, ದಿನವೂ ಅನ್ನಕ್ಕೆ ಬರುತ್ತಿದ್ದ ಮುದುಕ ಎಲ್ಲಿ, ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದಳು. ತೆಮೀನ ಹೇಳಿದ ಮಾತು ನನ್ನ ಕಿವಿಯಲ್ಲಿ ನಮ್ಮೂರ ಮಾತಾಗಿಯೇ ಉಳಿದಿದೆ, ಹಾಗೆಯೇ ಬರೆಯುತ್ತೇನೆ.

“ಅಕ್ಕಾ, ಅವರು ಅನ್ನಕ್ಕ ಬಂದವರಲ್ಲ. ದಾರಿಗೆ ಬಂದವರು.”

ಆಮೇಲೆ ಒಂದೊಂದಾಗಿ ತಿಳಿಯಿತು. ಮುದುಕನ ಹೆಸರು ಹಾದೂರ. ಆ ಊರಿನ ಅರ್ಧ ಮೆಟ್ಟಿಲು ಕಡಿದ ಕಲ್ಲುಕೆಲಸದವನು. ನಮ್ಮ ಹಿಂದಿನ ಓಣಿಯಲ್ಲೇ, ನಮ್ಮ ಹಿತ್ತಲ ಬಾಗಿಲಿಗೆ ಎದುರಾಗಿಯೇ ಅವನ ಮನೆ. ಹೆಂಡತಿ ಎರಡು ವರ್ಷದಿಂದ ಮಲಗಿದ್ದಳು, ನಮ್ಮ ಬೀದಿಯ ರೋಗಿಗಳ ಮನೆಯಲ್ಲಿ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಅವಳಿಗೆ ಗಂಜಿ ಕುಡಿಸಿ ಬರುವುದು ಅವನ ನೇಮ. ಹೋಗುವುದು ಮೆಟ್ಟಿಲೋಣಿ ಹತ್ತಿ. ಬರುವುದು ನಮ್ಮ ಮನೆಯೊಳಗಿನಿಂದ. ಮುಂದಿನ ಬಾಗಿಲಿಂದ ಹೊಕ್ಕು ಅಡಿಗೆಮನೆ ದಾಟಿದರೆ ಅವನ ಹೊಸ್ತಿಲು. ಆ ಊರಿನಲ್ಲಿ ಮನೆಯ ಒಳಗೂ ದಾರಿಯೇ. ಜನ ನುಗ್ಗಿ ಹೋಗುತ್ತಿದ್ದುದು ನೆಂಟರ ಮನೆಗಲ್ಲ, ತಮ್ಮ ತಮ್ಮ ಮನೆಗೆ. ದಾರಿಯನ್ನು ಬಾಯಿಬಿಟ್ಟು ಕೇಳುವುದು ಅಲ್ಲಿ ಹೀನ. ಕಾಲ್ಮರಿ ಕಳಚಿ ಹೊಸ್ತಿಲಲ್ಲಿ ನಿಲ್ಲುವುದಷ್ಟೇ, ಕೊಡುವವರು ಕೊಡಬೇಕು. ನಾವು ಚಿಲಕ ಹಾಕಿದ ದಿನದಿಂದ ಅವನು ಗುಡ್ಡ ಸುತ್ತಿ ಹೋಗುತ್ತಿದ್ದ. ಆ ವಯಸ್ಸಿಗೆ ದಿನಕ್ಕೆ ಎರಡು ಸಲ ಗುಡ್ಡ ಆಗದು. ಸಂಜೆಯ ಭೇಟಿ ನಿಂತುಹೋಗಿತ್ತು. ಹೆಂಡತಿ ಸಂಜೆ ಬಾಗಿಲ ಕಡೆ ಮುಖ ಮಾಡಿ ಮಲಗಿರುತ್ತಿದ್ದಳಂತೆ. ಮೊನ್ನೆ ಗುಡ್ಡದ ತಿರುವಿನಲ್ಲಿ ಕಾಲು ಜಾರಿ ಬಿದ್ದು, ಹಾದೂರ ಹಾಸಿಗೆ ಹಿಡಿದಿದ್ದ. ಈ ಹೊಸಬರು ದಾರಿಯ ಬದಲು ಅನ್ನ ಕೊಡುತ್ತಾರೆ, ಅವರ ಕಡೆ ಹಾಗೆಯೇ ಇರಬೇಕು, ಬೇಡವೆಂದರೆ ನೊಂದಾರು ಎಂದು ಅವನೇ ಎಲ್ಲರಿಗೂ ಹೇಳಿದ್ದನಂತೆ. ಅದಕ್ಕೇ ಯಾರೂ ನಮಗೆ ಏನೂ ಹೇಳಲಿಲ್ಲ.

ಆ ದಿನ ಗೋದಾವರಿ ಊಟ ಮಾಡಲಿಲ್ಲ. ಏಕಾದಶಿಯಲ್ಲ, ಏನಲ್ಲ. ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು ಚಿಲಕವನ್ನೇ ನೋಡುತ್ತ ಕುಳಿತಿದ್ದಳು. ಅವಳ ಸಂಕಟ ನನಗೆ ತಿಳಿಯುತ್ತಿತ್ತು. ನಲವತ್ತು ದಿನ ಒಬ್ಬ ಗೃಹಸ್ಥನನ್ನು ಭಿಕ್ಷುಕನನ್ನಾಗಿ ಮಾಡಿದೆವು. ಅದು ಒಂದು ಕಡೆ. ಬಾಗಿಲು ತೆರೆದರೆ ಹಾದೂರನೊಬ್ಬನೇ ಅಲ್ಲ, ಇಡೀ ಬೀದಿ ಮಡಿಯ ನಡುವೆ, ಒಲೆಯ ಮುಂದೆ, ದೇವರ ಎದುರಿಗೆ ಕೆಸರುಗಾಲಿನಲ್ಲಿ ಹಾದುಹೋಗುತ್ತದೆ. ಅದು ಇನ್ನೊಂದು ಕಡೆ. ತಾಯಿಯಿಂದ, ಅತ್ತೆಯಿಂದ ಬಂದ ಮಡಿ. ಆ ದೇಶದಲ್ಲಿ ಅವಳದೆಂದು ಉಳಿದಿದ್ದುದು ಆ ಒಂದು ಕೋಣೆ. ನಾನು ಕೊಟ್ಟ ಮಾತೂ ಅದೊಂದೇ. ಬೇರೆ ಮನೆ ಕೇಳೋಣವೇ ಎಂದೆ. ಅವಳು, ಮನಿ ಬದಲಿಸಿದ್ರ ಆ ಮುದುಕನ ಮೊಣಕಾಲ ನೆಟ್ಟಗಾಗ್ತದೇನು ಎಂದು ಕೇಳಿದಳು.

ಮರುದಿನ ಮುಂಜಾನೆ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ದೇವರ ಮಂಟಪ ಗೋಡೆಯಲ್ಲಿ ಇರಲಿಲ್ಲ. ಕೋಣೆಯ ನಟ್ಟನಡುವೆ, ಒಂದು ಮೇಜಿನ ಮೇಲೆ, ಎಲ್ಲ ಕಡೆಯಿಂದ ಬಿಡಿಯಾಗಿ ನಿಂತಿತ್ತು. ಒಲೆಯ ಸುತ್ತ ಮಾತ್ರ ಒಂದು ಹಲಗೆಯ ಮರೆ. ನೆಲದ ಮೇಲೆ ಮುಂದಿನ ಬಾಗಿಲಿಂದ ಹಿತ್ತಲವರೆಗೆ ರಂಗೋಲಿಯ ಎಳೆ, ಮಂಟಪವನ್ನು ಬಲಕ್ಕೆ ಬಿಟ್ಟುಕೊಂಡು ಬಳಸಿ ಹೋಗುವಂತೆ. ಹಿತ್ತಲ ಕಡೆಯಿಂದ ಬರುವವರಿಗೆ ಇನ್ನೊಂದು ಎಳೆ, ಅದೂ ಬಲಕ್ಕೇ. ಚಿಲಕ ಸರಿದಿತ್ತು, ಬಾಗಿಲು ಹಾರು ಹೊಡೆದಿತ್ತು. ನಾನು ರಂಗೋಲಿಯ ಎಳೆಗಳನ್ನು ನೋಡುತ್ತ ನಿಂತದ್ದನ್ನು ಕಂಡು ಅವಳೇ ಹೇಳಿದಳು.

“ಪ್ರದಕ್ಷಿಣಿ ಹಾಕ್ಲಿಕ್ಕೆ ಬಂದವರಿಗೆ ಯಾರರೆ ಬಾಗಲಾ ಹಾಕ್ತಾರೇನ್ರಿ?”

ಅದು ಅರ್ಧ ಪ್ರದಕ್ಷಿಣೆಯಾಗುತ್ತದಲ್ಲ ಎಂದೆ. ಪುಸ್ತಕ ಕಟ್ಟುವವನ ಬುದ್ಧಿ, ಎಲ್ಲಿಯೂ ಅಂಚು ಸರಿಮಾಡುವುದೇ.

“ಈ ಕಡಿಂದ ಬಂದವರು ಅರ್ಧಾ ಹಾಕ್ತಾರ, ಆ ಕಡಿಂದ ಬಂದವರು ಅರ್ಧಾ. ದೇವರಿಗೆ ಪೂರಾ ಮುಟ್ತದ. ನೀವು ಸುಮ್ಮನಿರ್ರಿ.”

ಹಾದೂರನ ಕಾಲು ನೆಟ್ಟಗಾಗಲು ಎರಡು ವಾರ ಹಿಡಿಯಿತು. ಆ ಎರಡು ವಾರ ಗೋದಾವರಿಯೇ ಅವನ ಹೆಂಡತಿಗೆ ಗಂಜಿ ಕೊಟ್ಟು ಬಂದಳು. ಆಕೆಯ ಹೆಸರು ಲಾಮಿ. ಎಲುಬಿನ ಗೂಡಿನಂಥ ಹೆಂಗಸು, ಕಣ್ಣು ಮಾತ್ರ ತುಂಟತನದವು. ನಲವತ್ತು ದಿನವೂ ಹಾದೂರ ನಮ್ಮ ಸಾರನ್ನು ಮರುದಿನ ಬಿಸಿ ಮಾಡಿ ಆಕೆಗೆ ಒಯ್ಯುತ್ತಿದ್ದನೆಂದು ಆಗ ತಿಳಿಯಿತು. ಮೆಣಸು ಇನ್ನಷ್ಟು ಹಾಕಬಹುದು ಎಂಬುದು ಲಾಮಿ ಗೋದಾವರಿಗೆ ಹೇಳಿದ ಮೊದಲ ಮಾತು.

ಅವನು ಮತ್ತೆ ಬಂದ ದಿನ ನನಗೆ ನೆನಪಿದೆ. ಹೊಸ್ತಿಲಲ್ಲಿ ಕಾಲ್ಮರಿ ಕಳಚಿ ತಲೆ ತಗ್ಗಿಸಿ ನಿಂತ. ಗೋದಾವರಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ರಂಗೋಲಿಯ ಎಳೆ ತುಳಿಯದೆ, ಆ ದೊಡ್ಡ ಮೈಯನ್ನು ಹಿಡಿ ಮಾಡಿಕೊಂಡು ಮಂಟಪವನ್ನು ಬಳಸಿ ನಡೆದ. ಹಿತ್ತಲ ಬಾಗಿಲಲ್ಲಿ ತಿರುಗಿ, ಪಾತ್ರೆಯನ್ನು ಮುಂದಕ್ಕೆ ಹಿಡಿದ. ಅನ್ನದ ರೂಢಿಯನ್ನು ಅವನೇ ಬಿಡಲು ಸಿದ್ಧನಿರಲಿಲ್ಲ. ಗೋದಾವರಿ ನಕ್ಕು ಪಾತ್ರೆ ತುಂಬಿದಳು. ಅಂದಿನಿಂದ ಬೀದಿಯವರೆಲ್ಲ ಬರತೊಡಗಿದರು. ಮೊದಮೊದಲು ಒಬ್ಬೊಬ್ಬರು ಹೋದ ಮೇಲೂ ಅವಳು ನೀರು ಚಿಮುಕಿಸುತ್ತಿದ್ದಳು. ಆಮೇಲೆ ದಿನಕ್ಕೆ ಒಮ್ಮೆ. ಆಮೇಲೆ, ಈಗ ಬರೆಯಬಹುದು, ಮರೆತೇಬಿಟ್ಟಳು. ನಮ್ಮ ದೇವರ ಹೆಸರು ತಿಳಿಯದ ಆ ಜನ ದಿನಕ್ಕೆ ಇನ್ನೂರು ಸಲ ಅವನನ್ನು ಬಲಕ್ಕೆ ಬಿಟ್ಟುಕೊಂಡು ನಡೆಯುತ್ತಿದ್ದರು. ನಮ್ಮ ಊರಿನ ಯಾವ ಮನೆದೇವರಿಗೂ ಅಷ್ಟು ಸೇವೆ ನಡೆದದ್ದನ್ನು ನಾನು ಕಂಡಿಲ್ಲ. ನಾವೂ ಸಂಕೋಚ ಬಿಟ್ಟು ಬೇರೆಯವರ ಮನೆಗಳನ್ನು ಹಾಯತೊಡಗಿದೆವು. ಹಾಲಿಗೆ ಹೋದರೆ ಮೂರು ಅಡಿಗೆಮನೆ, ಒಂದು ದರ್ಜಿಯ ಕೋಣೆ, ಐದು ನಿಮಿಷ. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಗೋದಾವರಿ ಬಂದು ನನಗೆ ಹೇಳುವಳು. ಎರಡು ವರ್ಷದ ಮಾತು ಹನ್ನೊಂದಾಯಿತು.

ಲಾಮಿ ತೀರಿಕೊಂಡದ್ದು ಮೂರನೆಯ ವರ್ಷ, ಒಂದು ಸಂಜೆ, ಹಾದೂರನ ಕೈಯಿಂದ ಎರಡು ಚಮಚ ಗಂಜಿ ಕುಡಿದ ಮೇಲೆ. ಮರುದಿನ ನಡುಮುಂಜಾನೆ ಹಾದೂರ ಎಂದಿನಂತೆ ನಮ್ಮ ಹೊಸ್ತಿಲಲ್ಲಿ ನಿಂತಿದ್ದ. ಹೋಗಿ ನೋಡಬೇಕಾದವರು ಅಲ್ಲಿ ಯಾರೂ ಇರಲಿಲ್ಲ. ರೂಢಿಯಿಂದ ಕಾಲು ತಾನಾಗಿಯೇ ರೋಗಿಗಳ ಮನೆಗೆ ಹೋಗಿ ಬಂದಿತ್ತು. ಗೋದಾವರಿ ದಾರಿ ಬಿಟ್ಟಳು, ಪಾತ್ರೆ ತುಂಬಿದಳು.

ಎಂಟನೆಯ ವರ್ಷ ಗೋದಾವರಿಯ ಮೊಣಕಾಲು ಸೋತವು. ಉಸಿರೂ ಮೊದಲಿನಂತೆ ನಿಲ್ಲಲೊಲ್ಲದು. ಅವಳಿಗೆ ಬಿಡಲಾರದ್ದೆಂದರೆ ನದಿ. ಏಕಾದಶಿ, ಹುಣ್ಣಿವೆಗಳಲ್ಲಿ ಆ ನೀರಿಗೆ ಕೈಮುಗಿದು, ಗಂಗಿ ಎಲ್ಲಿದ್ದರೂ ಗಂಗಿನೇ ಎನ್ನುವಳು. ಮುಂದಿನ ಬಾಗಿಲಿಂದ ಹೊರಟು ಮೆಟ್ಟಿಲೋಣಿ ಇಳಿಯಲು ಹೇಗೋ ಆಗುತ್ತಿತ್ತು. ಬರಲು ಸೇತುವೆ, ಗುಡ್ಡದ ಬುಡ, ಎರಡು ಗಂಟೆ. ನದಿಯ ದಂಡೆಗೂ ನಮ್ಮ ಹಿಂದಿನ ಓಣಿಗೂ ನಡುವೆ ಹಾದೂರನ ಮನೆಯೊಂದೇ. ಆದರೆ ಅದರ ಬೆನ್ನು ಬಂಡೆ, ಬಾಗಿಲಿಲ್ಲ. ಆ ಊರಿನಲ್ಲಿ ಸುತ್ತಿ ಬರಲಾರದವರು ಮನೆ ಹಿಡಿಯುತ್ತಾರೆ, ಯಾರೂ ಅದನ್ನು ದುಃಖವೆಂದು ಆಡುವುದಿಲ್ಲ. ಒಂದು ಏಕಾದಶಿ ಅವಳು, ಇವತ್ತ ಬ್ಯಾಡ್ರಿ ಎಂದಳು. ಮುಂದಿನ ಏಕಾದಶಿಯೂ ಹಾಗೇ ಎಂದಳು. ಹಿತ್ತಲ ಹೊಸ್ತಿಲಲ್ಲಿ ಕುಳಿತು, ಕಾಣದ ನದಿಯ ಕಡೆ ಮುಖ ಮಾಡಿ ಕೈಮುಗಿದಳು. ಹಾದೂರ ಎದುರಿನಲ್ಲಿ ತನ್ನ ಬಾಗಿಲಲ್ಲಿ ಕುಳಿತಿದ್ದ. ಅವಳು ಕೈಮುಗಿದ ದಿಕ್ಕಿಗೆ ಅವನೂ ಒಮ್ಮೆ ತಿರುಗಿ ನೋಡಿದ.

ಮರುದಿನದಿಂದ ಅವನ ಮನೆಯೊಳಗೆ ಉಳಿಯ ಸದ್ದು. ಎಂಬತ್ತು ದಾಟಿದವನು ಹತ್ತು ಪೆಟ್ಟು ಹಾಕುವುದು, ಕುಳಿತು ಉಸಿರು ತೆಗೆದುಕೊಳ್ಳುವುದು, ಮತ್ತೆ ಹತ್ತು. ಏನು ಮಾಡುತ್ತಿದ್ದೀರಿ ಎಂದು ನಾನು ಕೇಳಿದರೆ, ಗೋಡೆ ತೇವ ಹಿಡಿದಿದೆ ಎಂದ. ನಾಲ್ಕು ತಿಂಗಳು ಗೋದಾವರಿ ಆ ಸದ್ದಿನಲ್ಲೇ ಅಡಿಗೆ ಮಾಡಿದಳು. ಸದ್ದು ನಿಂತರೆ ತಲೆಯೆತ್ತಿ, ಮುದುಕಗ ನೀರರೆ ಕೊಟ್ಟು ಬರ್ರಿ ಎನ್ನುವಳು. ಒಂದು ಹುಣ್ಣಿವೆಯ ಮುಂಜಾನೆ ಹಾದೂರ ಬಂದು ಕೈಸನ್ನೆಯಿಂದ ಕರೆದ. ಅವನ ಅಡಿಗೆಮನೆಯ ಹಿಂದೆ ಬಂಡೆಯಲ್ಲಿ ಒಂದು ಬಾಗಿಲು, ಅದರಾಚೆ ನದಿಯ ದಂಡೆಗೆ ಇಳಿಯುವ ಮೆಟ್ಟಿಲುಗಳು. ಬೇರೆ ಕಡೆಯ ಮೆಟ್ಟಿಲುಗಳ ಅರ್ಧ ಎತ್ತರ ಒಂದೊಂದು. ಅವಳು ನಡೆಯುವುದನ್ನು ನೋಡಿ ನೋಡಿ ಅವಳ ಮೊಣಕಾಲಿನ ಅಳತೆ ತೆಗೆದಿದ್ದ. ಗೋದಾವರಿ ಒಂದೊಂದು ಮೆಟ್ಟಿಲನ್ನೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆ ಬಾಗಿಲು ಅವಳಿಗೆ ಇನ್ನೂ ಮೂರು ವರ್ಷದ ನದಿ ಕೊಟ್ಟಿತು.

ಹೋದ ವರ್ಷ ಬಿದಿಗೆಯ ಬೆಳಗು, ಹಾಲು ಕಾಯಿಸಲು ಇಟ್ಟವಳು ಗೋಡೆಗೆ ಒರಗಿ ಕುಳಿತಳು. ನಾನು ಹತ್ತಿರ ಹೋದಾಗ ಹಾಲು ಉಕ್ಕುತ್ತಿತ್ತು. ತೀರ್ಥ ಬಾಯಿಗೆ ಬಿಡುವಷ್ಟು ಸಮಯ ಸಿಕ್ಕಿತು. ಅಷ್ಟು ಕರುಣೆ ಶ್ರೀಹರಿ ತೋರಿಸಿದ.

ಆ ದೇಶದಲ್ಲಿ ನಮ್ಮ ಪುರೋಹಿತರೆಲ್ಲಿ? ನೆನಪಿದ್ದ ಮಂತ್ರ ನಾನೇ ಹೇಳಿದೆ. ಹೊರಡುವ ಮುಂಚೆ ಒಂದು ಕೆಲಸ ಮಾಡಿದೆ. ಸೂತಕದ ಮನೆ, ಯಾರೂ ತಿಳಿಯದೆ ಹೊಕ್ಕು ಮೈಲಿಗೆಯಾಗಬಾರದು ಎಂದು ಹಿತ್ತಲ ಬಾಗಿಲಿನ ಚಿಲಕ ಹಾಕಿದೆ. ಹನ್ನೊಂದು ವರ್ಷ ಮುಟ್ಟದ ಚಿಲಕ; ತುಕ್ಕು ಹಿಡಿದು ಬರಲೊಲ್ಲದು, ಎರಡೂ ಕೈ ಹಾಕಿ ಎಳೆದು ಕೂಡಿಸಿದೆ. ಮುಂದಿನ ಬಾಗಿಲಿಂದ ಅವಳನ್ನು ಹೊತ್ತು ಮೆಟ್ಟಿಲೋಣಿ ಇಳಿದೆವು. ಬೀದಿಯ ಗಂಡಸರೆಲ್ಲ ಹೆಗಲು ಕೊಟ್ಟರು. ತಿರುಗಿ ಬರುವ ದಾರಿ ಯಾವುದೆಂದು ಲೆಕ್ಕ ಹಾಕದೆ ಆ ಊರಿನಲ್ಲಿ ಹೊರಟವಳು ಅವಳೊಬ್ಬಳೇ.

ನದಿಯಲ್ಲಿ ಮುಳುಗಿ ಮೇಲೆ ಬಂದೆ. ಕೈಯಲ್ಲಿ ಒಂದು ಖಾಲಿ ತಾಮ್ರದ ಚೊಂಬು. ಸುಟ್ಟು ಬಂದವನು ತಿರುಗಿ ನೋಡಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಊರಿನಲ್ಲಿ ಹೇಳಬೇಕಾಗಿರಲಿಲ್ಲ. ನಾನು ಸೇತುವೆಯ ಕಡೆ ಹೊರಟೆ. ಒದ್ದೆ ಬಟ್ಟೆ, ಹೆಣ ಮುಟ್ಟಿದ ಕೈ, ಹತ್ತು ದಿನದ ಸೂತಕ. ಇನ್ನೊಬ್ಬರ ಅಡಿಗೆಮನೆ ಹೊಗುವುದು ಹೇಗೆ? ಎರಡು ಗಂಟೆಯಾದರೆ ಆಗಲಿ ಎಂದುಕೊಂಡೆ. ಹಾದೂರ ತಾನು ಕಡಿದ ಮೆಟ್ಟಿಲಿನ ಬುಡದಲ್ಲಿ ಕೋಲೂರಿ ನಿಂತಿದ್ದ. ನಾನು ಕೈ ಆಡಿಸಿ, ಬೇಡ, ಮೈಲಿಗೆ ಎಂದೆ. ಮಡಿ ಮೈಲಿಗೆ ಎರಡೂ ಮಾತು ಅವನಿಗೆ ಗೋದಾವರಿಯಿಂದ ಗೊತ್ತಿದ್ದವು.

“ನಿಮ್ಮ ದೇವರ ಮುಂದ ನಾ ಕೆಸರಗಾಲಲೆ ಹೋಗಿಲ್ಲೇನ್ರಿ?” ಎಂದ. “ಬರ್ರಿ.”

ಮೆಟ್ಟಿಲು ಹತ್ತಿದೆ. ನನ್ನ ಕಾಲಿಗೆ ಅವು ತೀರ ಗಿಡ್ಡ. ಎಡವಿ ಎಡವಿ ಹತ್ತಿದೆ. ಅವನ ಅಡಿಗೆಮನೆಯ ನಡುವೆ ಲಾಮಿಯ ಕುರ್ಚಿ ಇತ್ತು. ಎಷ್ಟು ವರ್ಷದಿಂದ ಅಲ್ಲಿ ಇಟ್ಟಿದ್ದನೋ, ನೆಲದಲ್ಲಿ ಅದನ್ನು ಬಳಸಿ ಕಾಲು ಸವೆದ ಗೆರೆ ಬಿದ್ದಿತ್ತು. ನಾನೂ ಅದನ್ನು ಬಲಕ್ಕೆ ಬಿಟ್ಟುಕೊಂಡು ಓಣಿಗೆ ಬಂದೆ.

ನಮ್ಮ ಹಿತ್ತಲ ಬಾಗಿಲು ಮುಚ್ಚಿತ್ತು. ಚಿಲಕ ನಾನೇ ಹಾಕಿದ್ದು, ಒಳಗಿನಿಂದ. ತೆಗೆಯಲು ಒಳಗೆ ಯಾರಿದ್ದಾರೆ ಎಂಬುದು ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಬೆಳಗಿನಿಂದ ಏನೇನೋ ಮಾಡಿದ್ದೆ, ಬೆಂಕಿಯನ್ನೂ ಇಟ್ಟಿದ್ದೆ, ತಿಳಿದದ್ದು ಆಗಲೇ. ಮುಂದಿನ ಬಾಗಿಲಿಗೆ ಹೋಗಬೇಕಾದರೆ ಗುಡ್ಡವೇ ಗತಿ. ಕಾಲು ಏಳಲಿಲ್ಲ. ಕಾಲ್ಮರಿ ಇರಲಿಲ್ಲ ಕಳಚಲು. ಖಾಲಿ ಚೊಂಬು ಹಿಡಿದು, ತಲೆ ತಗ್ಗಿಸಿ, ಹೊಸ್ತಿಲ ಹೊರಗೆ ನಿಂತೆ. ಮುನ್ನಾದಿನ ಅವಳು ಹಾಕಿದ ರಂಗೋಲಿ ಅರ್ಧ ಅಳಿಸಿತ್ತು.

ಎಷ್ಟು ಹೊತ್ತು ನಿಂತಿದ್ದೆನೋ. ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದಾಯಿತು. ಒಂದು, ಎರಡು, ಹತ್ತು. ಚಿಲಕ ಸರಿಯಿತು. ತೆಮೀನ ಗೋದಾವರಿಯ ಮೆಣಸು ಕುಟ್ಟುವ ಖಲಬತ್ತಿನ ಕಬ್ಬಿಣದ ಕೋಲು ಹಿಡಿದು ನಿಂತಿದ್ದಳು, ಮೋರೆ ಕೆಂಪಾಗಿ. ಬೀದಿ ದಾಟಿ ತೆರೆದಿದ್ದ ಮುಂದಿನ ಬಾಗಿಲಿಂದ ಬಂದಿದ್ದಳು. ಸೂತಕದ ಮನೆಯಲ್ಲಿ ಆ ದಿನ ಒಲೆ ಹಚ್ಚುವುದಿಲ್ಲವೆಂದು ಗೋದಾವರಿ ಎಂದೋ ಅವಳಿಗೆ ಹೇಳಿದ್ದಳಂತೆ; ಅವಳ ಕಾಲ ಬಳಿ ಮುಚ್ಚಿದ ಒಂದು ಪಾತ್ರೆ ಇತ್ತು.

ತೆಮೀನ ನನ್ನ ಕೈಯಲ್ಲಿದ್ದ ಚೊಂಬನ್ನು ನೋಡಿದಳು. ಬಗ್ಗಿ, ಪಾತ್ರೆ ಎತ್ತಿ, ಸೋಂಕದಂತೆ ಮೇಲಿನಿಂದ, ಗೋದಾವರಿ ಕಲಿಸಿದ ಹಾಗೆಯೇ, ಬಿಸಿ ಸಾರು ಬಿಟ್ಟಳು. ಮೆಣಸು ಹೆಚ್ಚಾಗಿತ್ತು, ವಾಸನೆಗೇ ಕಣ್ಣು ಉರಿದವು. ಚೊಂಬು ತುಂಬಿದ ಮೇಲೆ ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ನಾನು ದೇವರನ್ನು ಬಲಕ್ಕೆ ಬಿಟ್ಟುಕೊಂಡು ಒಳಗೆ ನಡೆದೆ.